ರೈತ ಕಂಪನಿಗಳ ವಿಳಂಬ ಶುಲ್ಕಕ್ಕೆ ಒಂದು ಮಿತಿ ಬೇಕು

(2020ರ ಡಿಸೆಂಬರ್‌ನಲ್ಲಿ ಬರೆದ ಪತ್ರ)

ಮಾನ್ಯ ಸಂಪಾದಕರೇ,

ವಾರ್ಷಿಕ ಲೆಕ್ಕಪತ್ರಗಳನ್ನು ಸಕಾಲಕ್ಕೆ ಸಲ್ಲಿಸದ ಕಂಪನಿಗಳಿಗೆ ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ನೀಡಿರುವ ವಿಳಂಬ ಶುಲ್ಕ ಮನ್ನಾ ಅವಕಾಶ ಇದೇ 2020ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ‘ಕಂಪನೀಸ್ ಫ್ರೆಶ್ ಸ್ಟಾರ್ಟ್ ಸ್ಕೀಮ್ 2020’ ಎಂಬ ಈ ಯೋಜನೆ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೆಪ್ಟೆಂಬರ್ 30ಕ್ಕೆ ಮುಗಿಯಬೇಕಿತ್ತು, ಕೋವಿಡ್ ಕಾರಣಕ್ಕೆ ಮೂರು ತಿಂಗಳು ಮುಂದಕ್ಕೆ ಹಾಕಿದ್ದಾರೆ. ಎಷ್ಟು ವರ್ಷದ ಬಾಕಿ ಇದ್ದರೂ ಸಾಮಾನ್ಯ ಶುಲ್ಕವನ್ನಷ್ಟೇ ಕಟ್ಟಿ ಕಾಗದಪತ್ರ ಸಲ್ಲಿಸಬಹುದು. ಈ ಸುದ್ದಿ ತಲುಪಬೇಕಾದವರಲ್ಲಿ ನಮ್ಮ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಹಿರೇಕೆರೂರು ಕಡೆಯ ಎರಡು–ಮೂರು ಎಕರೆಯ ರೈತರೂ ಇದ್ದಾರೆ. ಅವರಲ್ಲಿ ಬಹಳ ಜನರಿಗೆ ಇದು ತಮಗೆ ಸಂಬಂಧಪಟ್ಟ ವಿಷಯವೆಂದೇ ಗೊತ್ತಿಲ್ಲ. ಅದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಡಿಸೆಂಬರ್ 31 ಕಳೆದ ಮೇಲೂ ಹಾಗೆಯೇ ಉಳಿಯಲಿರುವ ಒಂದು ಅನ್ಯಾಯದ ಬಗ್ಗೆಯೂ ನಾಲ್ಕು ಮಾತು ಹೇಳಬೇಕಾಗಿದೆ.

ನಾನು ಹಾನಗಲ್ ತಾಲೂಕಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತನಾದವನು. ಈಗ ಸುತ್ತಲಿನ ಒಂದೆರಡು ರೈತ ಉತ್ಪಾದಕ ಕಂಪನಿಗಳ ಕಿರ್ದಿ, ಖತಾವಣಿ ಬರೆದುಕೊಡುತ್ತೇನೆ. ಹಾಗಾಗಿ ಸಹಕಾರ ಇಲಾಖೆಯ ಕಾನೂನನ್ನೂ ಕಂಪನಿ ಕಾನೂನನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ನೋಡುವ ಅವಕಾಶ ನನಗೆ ಸಿಕ್ಕಿದೆ.

ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಎಂದು ಈಗ ಎಲ್ಲರ ಬಾಯಲ್ಲೂ ಇರುವ ಸಂಸ್ಥೆಗಳಲ್ಲಿ ಹೆಚ್ಚಿನವು ಕಾನೂನಿನ ಲೆಕ್ಕದಲ್ಲಿ ಕಂಪನಿಗಳು. ಅರ್ಥಶಾಸ್ತ್ರಜ್ಞ ವೈ.ಕೆ. ಅಲಘ್ ಅವರ ನೇತೃತ್ವದ ಸಮಿತಿಯ ಶಿಫಾರಸಿನಂತೆ 2002ರಲ್ಲಿ ಕಂಪನಿ ಕಾಯ್ದೆಗೆ ತಿದ್ದುಪಡಿ ತಂದು ‘ಉತ್ಪಾದಕ ಕಂಪನಿ’ ಎಂಬ ಹೊಸ ವರ್ಗ ಮಾಡಿದರು. ಎಷ್ಟೇ ಷೇರು ಇದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ ಎಂಬ ಸಹಕಾರ ತತ್ವ ಅದರಲ್ಲಿದೆ. ಸಹಕಾರ ಸಂಘಗಳಿಗೆ ಅಂಟಿಕೊಂಡ ರಾಜಕೀಯ ಮತ್ತು ಇಲಾಖೆಯ ಹಿಡಿತ ಬೇಡವೆಂಬುದು ಆಗಿನ ಆಶಯ. ಆ ಆಶಯವನ್ನು ನಾನು ಗೌರವಿಸುತ್ತೇನೆ. ಆ ಹಿಡಿತ ಎಂಥದ್ದೆಂಬುದನ್ನು ಕಂಡವನು ನಾನು. 2014–15ರ ಬಜೆಟ್ಟಿನಲ್ಲಿ 2,000 ಎಫ್‌ಪಿಒಗಳನ್ನು ಕಟ್ಟಲು ನಬಾರ್ಡ್ ಮೂಲಕ 200 ಕೋಟಿ ರೂಪಾಯಿಯ ನಿಧಿ ಘೋಷಣೆಯಾಯಿತು. ನಮ್ಮ ಜಿಲ್ಲೆಯಲ್ಲೂ ಆ ಕಾಲದಲ್ಲಿ ರೈತ ಕಂಪನಿಗಳು ಹುಟ್ಟಿಕೊಂಡವು. ಈ ವರ್ಷದ ಫೆಬ್ರುವರಿ 29ರಂದು ಪ್ರಧಾನಿಯವರು ಚಿತ್ರಕೂಟದಲ್ಲಿ ಇನ್ನೂ 10,000 ಎಫ್‌ಪಿಒಗಳ ಯೋಜನೆಗೆ ಚಾಲನೆ ಕೊಟ್ಟಿದ್ದಾರೆ. ಅದಕ್ಕೆ 6,865 ಕೋಟಿ ರೂಪಾಯಿ ತೆಗೆದಿರಿಸಲಾಗಿದೆ. ಅಂದರೆ ನಾನು ಹೇಳಲಿರುವ ತೊಂದರೆ ಇನ್ನು ಕೆಲವೇ ವರ್ಷಗಳಲ್ಲಿ ಸಾವಿರಾರು ಹೊಸ ಕಂಪನಿಗಳ ಬಾಗಿಲಿಗೂ ಬರಲಿದೆ.

ಈ ಕಂಪನಿಗಳನ್ನು ನೋಂದಾಯಿಸಿ, ಸದಸ್ಯರನ್ನು ಕೂಡಿಸಿ, ನಡೆಯಲು ಕಲಿಸಲು ಒಂದು ಪ್ರೋತ್ಸಾಹಕ ಸಂಸ್ಥೆಯನ್ನು ನೇಮಿಸುತ್ತಾರೆ. ಸಾಮಾನ್ಯವಾಗಿ ಮೂರು ವರ್ಷದ ಕರಾರು. ಆ ಮೂರು ವರ್ಷ ಸಿಇಒ ಸಂಬಳ, ಲೆಕ್ಕಪರಿಶೋಧಕರ ಶುಲ್ಕ, ಕಚೇರಿ ಬಾಡಿಗೆ ಎಲ್ಲವೂ ಯೋಜನೆಯ ಹಣದಲ್ಲಿ ಸಾಗುತ್ತದೆ. ನಿರ್ದೇಶಕರಾದ ರೈತರು ಕರೆದಾಗ ಬಂದು ಸಹಿ ಮಾಡುತ್ತಾರೆ. ನಾಲ್ಕನೆಯ ವರ್ಷ ಪ್ರೋತ್ಸಾಹಕ ಸಂಸ್ಥೆ ಹೊರಡುತ್ತದೆ. ಕೃಷಿ ಪದವಿ ಪಡೆದ ಯುವಕ ಸಿಇಒ, ಸಂಬಳ ನಿಂತ ಮೇಲೆ, ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾನೆ. ಅವನನ್ನು ದೂರುವಂತಿಲ್ಲ. ಆದರೆ ಸಚಿವಾಲಯದ ಜಾಲತಾಣದಲ್ಲಿ ಕಂಪನಿಯ ಹೆಸರಿನ ಮುಂದೆ ಇರುವ ಇ–ಮೇಲ್ ವಿಳಾಸ ಅವನದೇ, ಮೊಬೈಲ್ ಸಂಖ್ಯೆಯೂ ಅವನದೇ. ಎಚ್ಚರಿಕೆಯ ಸಂದೇಶಗಳೆಲ್ಲ ಅಲ್ಲಿಗೇ ಹೋಗುತ್ತಿರುತ್ತವೆ.

ನಾನು ಈಗ ಲೆಕ್ಕ ಬರೆಯುತ್ತಿರುವ ಒಂದು ಕಂಪನಿಯಲ್ಲಿ ಹೀಗೆಯೇ ಆಗಿತ್ತು. ಸುಮಾರು ಐದು ನೂರು ಸದಸ್ಯರು, ತಲಾ ಒಂದು ಸಾವಿರದ ಷೇರು, ಹತ್ತು ಮಂದಿ ನಿರ್ದೇಶಕರು. ಬೀಜ–ಗೊಬ್ಬರದ ಮಾರಾಟ ಮತ್ತು ಹಂಗಾಮಿನಲ್ಲಿ ಗೋವಿನಜೋಳದ ಖರೀದಿ ಅವರ ವ್ಯವಹಾರ. ಕಚೇರಿಯೆಂದರೆ ಗೊಬ್ಬರದ ಗೋದಾಮಿನ ಪಕ್ಕದ ಒಂದು ಕೋಣೆ. ಈ ಬೇಸಿಗೆಯಲ್ಲಿ, ಲಾಕ್‌ಡೌನ್ ಸಡಿಲವಾದ ಮೇಲೆ, ನನ್ನನ್ನು ಕರೆಸಿ ಕಬ್ಬಿಣದ ಕಪಾಟಿನ ಬೀಗ ತೆಗೆದು ಕೊಟ್ಟರು. ಷೇರು ಪ್ರಮಾಣಪತ್ರದ ಪುಸ್ತಕ, ಸಭೆಯ ನಡಾವಳಿ, ಪಾವತಿ ಪುಸ್ತಕಗಳ ಕಟ್ಟು ಎಲ್ಲವೂ ಕ್ರಮವಾಗಿಯೇ ಇತ್ತು. ಕೆಳಗಿನ ಅರೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟ ಪೆನ್ ಡ್ರೈವ್‌ನಂಥ ಮೂರು ಸಾಧನಗಳು, ಒಂದೊಂದಕ್ಕೂ ಒಂದೊಂದು ಚೀಟಿ ಅಂಟಿಸಿ ನಿರ್ದೇಶಕರ ಹೆಸರು ಬರೆದಿತ್ತು. ಅವು ಅವರ ಡಿಜಿಟಲ್ ಸಹಿಗಳು. ಮೂರರದ್ದೂ ಅವಧಿ ಮುಗಿದಿತ್ತು. ಅಧ್ಯಕ್ಷರ ಹೆಸರಿನದನ್ನು ಅವರ ಕೈಗೆ ಕೊಟ್ಟಾಗ ಅವರು ಹಿಂದೆಮುಂದೆ ತಿರುಗಿಸಿ ನೋಡಿ, ಇದು ಏತಕ್ಕೆಂದು ಕೇಳಿದರು. ಮೂರು ವರ್ಷ ಅವರ ಸಹಿಯಾಗಿದ್ದದ್ದು ಅದು.

ಅದೇ ಕಪಾಟಿನಲ್ಲಿ 2017–18 ಮತ್ತು 2018–19ರ ಆಡಿಟ್ ಆದ ಜಮಾಖರ್ಚು, ಅಢಾವೆ ಪತ್ರಿಕೆಗಳೂ ಇದ್ದವು. ಹುಬ್ಬಳ್ಳಿಯ ಲೆಕ್ಕಪರಿಶೋಧಕರು ಮೊಹರು ಹಾಕಿ ಸಹಿ ಮಾಡಿಕೊಟ್ಟಿದ್ದರು. ವಾರ್ಷಿಕ ಸಭೆಗಳೂ ನಡೆದು ಅವುಗಳನ್ನು ಸದಸ್ಯರ ಮುಂದೆ ಓದಿ ಹೇಳಿದ ದಾಖಲೆ ನಡಾವಳಿಯಲ್ಲಿದೆ. ಅವನ್ನು ಕಂಪನಿ ರಿಜಿಸ್ಟ್ರಾರರಿಗೆ ಕಂಪ್ಯೂಟರಿನ ಮೂಲಕ ಸಲ್ಲಿಸುವುದೊಂದು ಮಾತ್ರ ಆಗಿರಲಿಲ್ಲ. ಇದು ಏಕೆ ಆಯಿತೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದೇ ತೊಡಕಿನ ಬೇರು. ನಮ್ಮ ರೈತರಿಗೆ ತಲೆತಲಾಂತರದಿಂದ ಗೊತ್ತಿರುವುದು ಸಹಕಾರ ಸಂಘದ ರೀತಿ. ಅಲ್ಲಿ ಲೆಕ್ಕಪರಿಶೋಧನೆ ಮುಗಿದರೆ ವರದಿ ಲೆಕ್ಕಪರಿಶೋಧಕರಿಂದಲೇ ಇಲಾಖೆಗೆ ಹೋಗುತ್ತದೆ. ಸೆಪ್ಟೆಂಬರ್ 25ರೊಳಗೆ ಸರ್ವಸಾಧಾರಣ ಸಭೆ ನಡೆಯಬೇಕೆಂಬುದು ಊರಿಗೆಲ್ಲ ಗೊತ್ತು. ತಡವಾದರೆ ಸಹಾಯಕ ನಿಬಂಧಕರ ಕಚೇರಿಯಿಂದ ಕನ್ನಡದಲ್ಲಿ ನೋಟಿಸ್ ಬರುತ್ತದೆ, ಇಲ್ಲವೇ ಅಲ್ಲಿನ ನಿರೀಕ್ಷಕರು ಖುದ್ದಾಗಿ ಬಂದು ಎದುರು ಕೂರುತ್ತಾರೆ. ಆಡಿಟ್ ಆಯಿತು, ಸಭೆ ಆಯಿತು, ಇನ್ನು ಬಾಕಿ ಏನೂ ಇಲ್ಲವೆಂದು ಈ ಹತ್ತು ನಿರ್ದೇಶಕರು ಪ್ರಾಮಾಣಿಕವಾಗಿ ನಂಬಿದ್ದರು.

ಕಂಪನಿ ಕಾನೂನಿನಲ್ಲಿ ಅದರ ನಂತರದ ಕೆಲಸವೇ ದೊಡ್ಡದು. ಆಡಿಟ್ ಆದ ಲೆಕ್ಕವನ್ನು ಎಒಸಿ–4 ಎಂಬ ನಮೂನೆಯಲ್ಲಿ, ವಾರ್ಷಿಕ ವಿವರವನ್ನು ಎಂಜಿಟಿ–7 ಎಂಬ ನಮೂನೆಯಲ್ಲಿ, ಡಿಜಿಟಲ್ ಸಹಿ ಹಾಕಿ, ಅಗತ್ಯವಿದ್ದಲ್ಲಿ ವೃತ್ತಿನಿರತ ಸಿ.ಎ. ಅಥವಾ ಕಂಪನಿ ಸೆಕ್ರೆಟರಿಯಿಂದ (ಕಂಪನಿ ಕಾನೂನಿನ ಕಾಗದಪತ್ರ ನೋಡಿಕೊಳ್ಳುವ ವೃತ್ತಿಪರರು) ದೃಢೀಕರಿಸಿ ಜಾಲತಾಣಕ್ಕೆ ಏರಿಸಬೇಕು. ಹತ್ತು ಲಕ್ಷ ಅಧಿಕೃತ ಬಂಡವಾಳದ (ಷೇರಿನ ಮೂಲಕ ಹೆಚ್ಚೆಂದರೆ ಕೂಡಿಸಬಹುದಾದ ಮೊತ್ತ) ಕಂಪನಿಗೆ ಒಂದೊಂದು ನಮೂನೆಗೂ ಸಾಮಾನ್ಯ ಶುಲ್ಕ 400 ರೂಪಾಯಿ. ಗಡುವು ದಾಟಿದರೆ ಒಂದು ನಮೂನೆಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ, ಅಂದರೆ ವಿಳಂಬ ಶುಲ್ಕ. ಅದಕ್ಕೆ ಮೇಲ್ಮಿತಿ ಇಲ್ಲ.

ಈ ಕೊನೆಯ ವಾಕ್ಯವನ್ನು ಓದುಗರು ದಯವಿಟ್ಟು ಮತ್ತೊಮ್ಮೆ ಗಮನಿಸಬೇಕು. ಎರಡು ನಮೂನೆ, ದಿನಕ್ಕೆ ಇನ್ನೂರು ರೂಪಾಯಿ, ವರ್ಷಕ್ಕೆ 73,000 ರೂಪಾಯಿ. ಎರಡು ವರ್ಷದ ಲೆಕ್ಕ ಬಾಕಿ ಇದ್ದರೆ ಮೊದಲನೆಯ ವರ್ಷದ್ದು ಎರಡು ವರ್ಷ ತಡ, ಎರಡನೆಯದು ಒಂದು ವರ್ಷ ತಡ. ಕೂಡಿಸಿದರೆ 2,19,000 ರೂಪಾಯಿ. ನಾನು ಹೇಳಿದ ಕಂಪನಿಯ ಸದಸ್ಯರು ಸಾವಿರ ಸಾವಿರ ಕೂಡಿಸಿದ ಒಟ್ಟು ಷೇರು ಹಣವೇ ಸುಮಾರು ಐದು ಲಕ್ಷ. ಗೋವಿನಜೋಳದ ಖರೀದಿಯಲ್ಲಿ ಖರ್ಚು ಕಳೆದು ಕ್ವಿಂಟಲಿಗೆ ಇಪ್ಪತ್ತು ರೂಪಾಯಿ ಉಳಿದರೆ ಅದು ಒಳ್ಳೆಯ ವರ್ಷ. ಒಂದು ವರ್ಷದ ವಿಳಂಬ ಶುಲ್ಕ ತೀರಿಸಲು 3,650 ಕ್ವಿಂಟಲ್ ಖರೀದಿಸಿ, ತೂಗಿ, ಒಣಗಿಸಿ, ಲಾರಿಗೆ ಹೇರಬೇಕು. ಈ ವರ್ಷವಂತೂ 1,850 ರೂಪಾಯಿ ಬೆಂಬಲ ಬೆಲೆ ಕಾಗದದ ಮೇಲಿದೆ, ಪೇಟೆಯಲ್ಲಿ ಅಷ್ಟು ಸಿಗುತ್ತಿಲ್ಲ.

ಮೊದಲು ಹೀಗಿರಲಿಲ್ಲ. 2018ರ ಜುಲೈ 1ಕ್ಕಿಂತ ಮುಂಚೆ ತಡವಾದಷ್ಟೂ ಸಾಮಾನ್ಯ ಶುಲ್ಕದ ಎರಡು ಪಟ್ಟು, ನಾಲ್ಕು ಪಟ್ಟು ಎಂದು ಹೆಚ್ಚುತ್ತ ಹೋಗಿ ಹನ್ನೆರಡು ಪಟ್ಟಿಗೆ ನಿಲ್ಲುತ್ತಿತ್ತು. ನಾನೂರು ರೂಪಾಯಿ ಶುಲ್ಕಕ್ಕೆ ಹೆಚ್ಚೆಂದರೆ 4,800 ರೂಪಾಯಿ. ಅದು ಪೆಟ್ಟೇ, ಆದರೆ ತಡೆದುಕೊಳ್ಳಬಹುದಾದ ಪೆಟ್ಟು. ಆ ಮಿತಿಯನ್ನು ತೆಗೆದು ದಿನಕ್ಕೆ ನೂರು ಮಾಡಿದಾಗ ಕಣ್ಣ ಮುಂದೆ ಇದ್ದದ್ದು ಹೆಸರಿಗಷ್ಟೇ ಇರುವ ಖೊಟ್ಟಿ ಕಂಪನಿಗಳು. ಅದರ ಹಿಂದಿನ ವರ್ಷ, 2017ರಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಕಂಪನಿಗಳ ಹೆಸರನ್ನು ದಾಖಲೆಯಿಂದ ತೆಗೆದುಹಾಕಿ, ಮೂರು ಲಕ್ಷಕ್ಕೂ ಹೆಚ್ಚು ನಿರ್ದೇಶಕರನ್ನು ಅನರ್ಹಗೊಳಿಸಿದ್ದರು. ಹಣ ಸಾಗಿಸಲೆಂದೇ ಹುಟ್ಟಿದ ಕಂಪನಿಗಳ ಮೇಲೆ ಕ್ರಮ ಆಗಲೇಬೇಕಿತ್ತು, ಅದರಲ್ಲಿ ನನ್ನ ತಕರಾರು ಇಲ್ಲ. ಆದರೆ ಅಂಥ ಕಂಪನಿಗೆ ಬೀಸಿದ ಬಲೆಯನ್ನೇ ಐದು ನೂರು ರೈತರು ಸಾವಿರ ಸಾವಿರ ಹಾಕಿ ಕಟ್ಟಿದ ಕಂಪನಿಯ ಮೇಲೂ ಬೀಸಿರುವುದು ಸರಿಯಲ್ಲ. ಕೋಟ್ಯಂತರ ರೂಪಾಯಿ ವಹಿವಾಟಿನ ಖಾಸಗಿ ಕಂಪನಿಗೂ ದಿನಕ್ಕೆ ನೂರೇ, ಬೀಜ–ಗೊಬ್ಬರ ಮಾರುವ ನಮ್ಮ ಕಂಪನಿಗೂ ದಿನಕ್ಕೆ ನೂರೇ.

ನಮ್ಮ ಮುಂಬಯಿ ಕರ್ನಾಟಕದ ಹಳೆಯ ತಲೆಗಳಿಗೆ ‘ದಾಮದುಪ್ಪಟ’ದ ನಿಯಮ ನೆನಪಿರುತ್ತದೆ. ಸಾಲಗಾರ ಎಷ್ಟೇ ವರ್ಷ ತಡ ಮಾಡಿದರೂ ಒಂದು ಸಲಕ್ಕೆ ವಸೂಲಿ ಮಾಡುವ ಬಡ್ಡಿ ಅಸಲನ್ನು ಮೀರಬಾರದು ಎಂಬುದು ಅದು. ಹಿಂದೂ ಕಾನೂನಿನ ಈ ಕಟ್ಟಳೆಯನ್ನು ಮುಂಬಯಿ ಪ್ರಾಂತ್ಯದ ನ್ಯಾಯಾಲಯಗಳು ಬ್ರಿಟಿಷರ ಕಾಲದಲ್ಲೂ ಎತ್ತಿಹಿಡಿದವು. ಇಂದಿಗೂ ಸಣ್ಣ ಮತ್ತು ಅತಿಸಣ್ಣ ರೈತರ ಅಲ್ಪಾವಧಿ ಸಾಲಕ್ಕೆ ಹಾಕುವ ಒಟ್ಟು ಬಡ್ಡಿ ಅಸಲನ್ನು ಮೀರಕೂಡದೆಂದು ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಸಾಹುಕಾರನ ಬಡ್ಡಿಗೂ ಬ್ಯಾಂಕಿನ ಬಡ್ಡಿಗೂ ಇರುವ ಈ ಅಂಕೆ ಸರ್ಕಾರದ ವಿಳಂಬ ಶುಲ್ಕಕ್ಕೆ ಏಕೆ ಇಲ್ಲ? ನಾನೂರು ರೂಪಾಯಿ ಶುಲ್ಕಕ್ಕೆ ಒಂದು ವರ್ಷದಲ್ಲಿ 36,500 ರೂಪಾಯಿ ಬೆಳೆಯುತ್ತದೆಂದರೆ ಅದು ತೊಂಬತ್ತು ಪಟ್ಟಿಗಿಂತ ಹೆಚ್ಚು. ಸಹಕಾರ ಸಂಘದಲ್ಲಿ ಸುಸ್ತಿ ಬಡ್ಡಿ ವಸೂಲಿ ಮಾಡುತ್ತಲೇ ಕೂದಲು ಹಣ್ಣಾದ ನನಗೆ ಇಂಥ ಲೆಕ್ಕ ಎಲ್ಲಿಯೂ ಕಂಡಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ದಂಡ ಬೇರೆ, ಹೆಚ್ಚುವರಿ ಶುಲ್ಕ ಬೇರೆ. ಇದೇ ಸೆಪ್ಟೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಕಂಪನಿ ಕಾಯ್ದೆಯ ತಿದ್ದುಪಡಿ ದಂಡದ ಮೊತ್ತವನ್ನು ತಗ್ಗಿಸಿದೆ, ಉತ್ಪಾದಕ ಕಂಪನಿಗಳಿಗೆ ಅರ್ಧಕ್ಕಿಂತ ಹೆಚ್ಚು ದಂಡ ಹಾಕುವಂತಿಲ್ಲ ಎಂದಿದೆ. ಅದು ಸ್ವಾಗತಾರ್ಹ. ಸಂಸತ್ತಿಗೆ ನಮ್ಮಂಥ ಕಂಪನಿಗಳ ಸ್ಥಿತಿ ಅರ್ಥವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ನಿತ್ಯ ಬೆಳೆಯುವ ಆ ನೂರು ರೂಪಾಯಿಯನ್ನು ಈ ತಿದ್ದುಪಡಿ ಮುಟ್ಟಿಲ್ಲ. ದಂಡಕ್ಕೆ ಮಿತಿ ಇದೆ, ವಿಚಾರಣೆ ಇದೆ, ಅಧಿಕಾರಿಯ ಮುಂದೆ ನಿಂತು ಕಾರಣ ಹೇಳಿಕೊಳ್ಳುವ ಅವಕಾಶ ಇದೆ. ಹೆಚ್ಚುವರಿ ಶುಲ್ಕಕ್ಕೆ ಇದಾವುದೂ ಇಲ್ಲ. ಜಾಲತಾಣ ತಾನೇ ಲೆಕ್ಕ ಹಾಕುತ್ತದೆ, ಪೂರ್ತಿ ಕಟ್ಟುವವರೆಗೆ ನಮೂನೆಯನ್ನು ತೆಗೆದುಕೊಳ್ಳುವುದಿಲ್ಲ. ಹಣವಿಲ್ಲದ ಕಂಪನಿ ಸುಮ್ಮನಾಗುತ್ತದೆ, ಸುಮ್ಮನಾದಷ್ಟೂ ಮೊತ್ತ ಏರುತ್ತದೆ. ಸತತ ಮೂರು ವರ್ಷದ ಲೆಕ್ಕ ಸಲ್ಲಿಕೆಯಾಗದಿದ್ದರೆ ಎಲ್ಲ ನಿರ್ದೇಶಕರೂ ಐದು ವರ್ಷದ ಮಟ್ಟಿಗೆ ಅನರ್ಹರು, ಕಂಪನಿಯ ಹೆಸರನ್ನು ದಾಖಲೆಯಿಂದ ತೆಗೆಯುವ ನೋಟಿಸ್ ಬರಬಹುದು. ಒಮ್ಮೆ ತೆಗೆದರೆ ಬ್ಯಾಂಕ್ ಖಾತೆ ಸ್ತಬ್ಧವಾಗುತ್ತದೆ, ಮತ್ತೆ ಜೀವ ಬರಬೇಕಾದರೆ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿಗೆ ವಕೀಲರನ್ನು ಹಿಡಿದು ಹೋಗಬೇಕು.

ನಮ್ಮ ಕಂಪನಿಗೆ 2019–20ರದ್ದು ಮೂರನೆಯ ವರ್ಷವಾಗುತ್ತಿತ್ತು. ಹುಬ್ಬಳ್ಳಿಯ ಕಂಪನಿ ಸೆಕ್ರೆಟರಿಯೊಬ್ಬರು ಫ್ರೆಶ್ ಸ್ಟಾರ್ಟ್ ಯೋಜನೆಯ ವಿಷಯ ತಿಳಿಸಿದ್ದರಿಂದ ಉಳಿದುಕೊಂಡಿತು. ಮೊದಲು ಡಿಜಿಟಲ್ ಸಹಿ ಹೊಸದಾಗಿ ಮಾಡಿಸಬೇಕಿತ್ತು. ಅದಕ್ಕೆ ಅರ್ಜಿದಾರರು ಪ್ಯಾನ್ ಕಾರ್ಡನ್ನು ಮುಖದ ಪಕ್ಕ ಹಿಡಿದು, ತಮ್ಮ ಹೆಸರು ಹೇಳಿ, ಡಿಜಿಟಲ್ ಸಹಿಗೆ ಅರ್ಜಿ ಹಾಕಿದ್ದೇನೆಂದು ಮೊಬೈಲಿನ ಮುಂದೆ ಮಾತನಾಡಬೇಕು. ಅಧ್ಯಕ್ಷರು ಸಿಗ್ನಲ್ ಸಿಗುವ ಗೋದಾಮಿನ ಮೆಟ್ಟಿಲಿನ ಮೇಲೆ ನಿಂತು ಅದನ್ನು ಹೇಳಿದರು. ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಸೇರಿ ಪೂರ್ತಿ ಹೆಸರು, ಆಧಾರಿನಲ್ಲಿ ಬರೀ ಇನಿಷಿಯಲ್ ಇದ್ದುದರಿಂದ ಇನ್ನೊಬ್ಬ ನಿರ್ದೇಶಕರ ಅರ್ಜಿ ವಾಪಸಾಗಿ, ಆಧಾರ್ ತಿದ್ದಿಸಿ ಮತ್ತೆ ಹಾಕಬೇಕಾಯಿತು. ಕೊನೆಗೆ ಎರಡು ವರ್ಷದ ನಾಲ್ಕು ನಮೂನೆಗಳೂ ಸಲ್ಲಿಕೆಯಾದವು. ಸರ್ಕಾರಕ್ಕೆ ಕಟ್ಟಿದ ಶುಲ್ಕ 1,600 ರೂಪಾಯಿ. ಯೋಜನೆ ಇಲ್ಲದಿದ್ದರೆ ಅದರ ಮೇಲೆ ಎರಡು ಲಕ್ಷಕ್ಕೂ ಹೆಚ್ಚು. ಈ ಯೋಜನೆ ತಂದ ಸಚಿವಾಲಯಕ್ಕೆ ನಾನು ಮನಸಾರೆ ಕೃತಜ್ಞತೆ ಹೇಳುತ್ತೇನೆ.

ಆದರೂ ಮನ್ನಾ ಯೋಜನೆಗಳನ್ನೇ ಪರಿಹಾರವೆಂದು ನಾನು ಒಪ್ಪುವುದಿಲ್ಲ. 2014ರಲ್ಲಿ ಹೆಚ್ಚುವರಿ ಶುಲ್ಕದ ಕಾಲುಭಾಗ ಕಟ್ಟಿದರೆ ಸಾಕೆಂಬ ಯೋಜನೆ ಬಂತು. 2018ರಲ್ಲಿ 30,000 ರೂಪಾಯಿ ಪ್ರತ್ಯೇಕವಾಗಿ ಕಟ್ಟಿಸಿಕೊಂಡು ವಿಳಂಬ ಮನ್ನಿಸುವ ಯೋಜನೆ ಬಂತು, ಅದರಲ್ಲಿ ಹೆಚ್ಚುವರಿ ಶುಲ್ಕವನ್ನೂ ಬಿಟ್ಟಿರಲಿಲ್ಲ. ಈಗ 2020ರದ್ದು ಪೂರ್ತಿ ಮನ್ನಾ. ಆರು ವರ್ಷದಲ್ಲಿ ಮೂರು ಸಲ, ಮೂರು ಬಗೆ. ನಮ್ಮ ಪಕ್ಕದ ಹೋಬಳಿಯ ಇನ್ನೊಂದು ರೈತ ಕಂಪನಿ ಎಂಥ ಕಷ್ಟದಲ್ಲೂ ಒಂದು ವರ್ಷವೂ ತಪ್ಪದೆ ಲೆಕ್ಕ ಸಲ್ಲಿಸಿದೆ. ಅದಕ್ಕಾಗಿ ವರ್ಷಕ್ಕೆ ಮೂವತ್ತು–ನಲವತ್ತು ಸಾವಿರ ಖರ್ಚು ಮಾಡಿದೆ. ಅದರ ಅಧ್ಯಕ್ಷೆ ನನ್ನನ್ನು ನೇರವಾಗಿಯೇ ಕೇಳಿದರು: ‘ನಾವು ಸರಿಯಾಗಿ ನಡೆದುಕೊಂಡಿದ್ದಕ್ಕೆ ನಮಗೇನು ಸಿಕ್ಕಿತು ಸರ್?’ ಅವರ ಪ್ರಶ್ನೆ ನ್ಯಾಯವಾದದ್ದು. ಸಾಲ ಮನ್ನಾ ಆದ ವರ್ಷಗಳಲ್ಲಿ ಕಂತು ಕಟ್ಟಿದ ಸದಸ್ಯರು ಸಂಘದ ಬಾಗಿಲಲ್ಲಿ ನಿಂತು ಇದನ್ನೇ ಕೇಳುತ್ತಿದ್ದರು. ಶುಲ್ಕವನ್ನು ಮೊದಲೇ ಹದವಾಗಿ ಇಟ್ಟರೆ ಮನ್ನಾ ಮಾಡುವ ಪ್ರಮೇಯವೇ ಬರುವುದಿಲ್ಲ. ಹದ ಮೀರಿ ಏರಿಸಿ, ಕಟ್ಟಲಾಗದ ಮಟ್ಟಕ್ಕೆ ಹೋದ ಮೇಲೆ ಪೂರ್ತಿ ಬಿಡುವುದರಿಂದ ಸಕಾಲಕ್ಕೆ ಕಟ್ಟಿದವರಿಗೆ ಅನ್ಯಾಯ, ತಡ ಮಾಡಿದವರಿಗೆ ಮುಂದಿನ ಮನ್ನಾದ ಆಸೆ.

ತಡ ಮಾಡಿದವರ ಪರವಾಗಿ ಮಾತನಾಡುವುದು ಶಿಸ್ತಿಗೆ ವಿರುದ್ಧ ಎನ್ನುವವರಿದ್ದಾರೆ. ಲೆಕ್ಕ ಸಲ್ಲಿಸುವುದು ಸದಸ್ಯರ ರಕ್ಷಣೆಗಾಗಿಯೇ ಇದೆ ಎಂಬುದು ನನಗೆ ತಿಳಿದಿದೆ. ಷೇರು ಹಾಕಿದ ರೈತ, ಸಾಲ ಕೊಟ್ಟ ಬ್ಯಾಂಕು, ಗೊಬ್ಬರ ಉದ್ರಿ ಕೊಟ್ಟ ವ್ಯಾಪಾರಿ ಯಾರೇ ಆದರೂ ಕಂಪನಿಯ ಸ್ಥಿತಿ ನೋಡುವಂತಿರಬೇಕು. ಅದಕ್ಕೆಂದೇ ಉತ್ಪಾದಕ ಕಂಪನಿಯ ವಾರ್ಷಿಕ ಸಭೆಗೆ ಒಟ್ಟು ಸದಸ್ಯರ ಕಾಲುಭಾಗ ಹಾಜರಿರಬೇಕೆಂಬ ಕಠಿಣ ಕೋರಂ ಇದೆ. ಐದು ನೂರು ಸದಸ್ಯರಿದ್ದರೆ ನೂರ ಇಪ್ಪತ್ತೈದು ಮಂದಿ. ದೊಡ್ಡ ದೊಡ್ಡ ಕಂಪನಿಗಳಿಗೂ ಇಷ್ಟು ಕಠಿಣವಾದ ಕೋರಂ ಇಲ್ಲ. ಸುಗ್ಗಿಯ ಕಾಲದಲ್ಲಿ ಸಮುದಾಯ ಭವನಕ್ಕೆ ನೂರ ಇಪ್ಪತ್ತೈದು ರೈತರನ್ನು ಕೂಡಿಸುವುದೆಂದರೇನೆಂದು ಸಭೆ ಕರೆದವರಿಗೆ ಗೊತ್ತು. ಬೆಳಿಗ್ಗೆ ಬಂದವರು ಸಹಿ ಮಾಡಿ ದನಕ್ಕೆ ನೀರು ಕುಡಿಸಲು ಹೋಗುತ್ತಾರೆ, ಅವರು ತಿರುಗಿ ಬರುವಷ್ಟರಲ್ಲಿ ಇನ್ನು ಹತ್ತು ಜನ ಎದ್ದಿರುತ್ತಾರೆ. ಆದರೂ ನಮ್ಮ ಕಂಪನಿಗಳು ಇದನ್ನು ಮಾಡಿವೆ. ಹಾಜರಿ ಪುಸ್ತಕದಲ್ಲಿ ಸಹಿಗಳ ನಡುವೆ ಹೆಬ್ಬೆಟ್ಟಿನ ಗುರುತುಗಳೂ ಇವೆ. ಸದಸ್ಯರ ಮುಂದೆ ಲೆಕ್ಕ ಇಟ್ಟಿರುವ ಕಂಪನಿಯನ್ನೂ ಯಾರಿಗೂ ಲೆಕ್ಕ ತೋರಿಸದ ಕಂಪನಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಶಿಸ್ತಲ್ಲ.

ಆದ್ದರಿಂದ ಸಚಿವಾಲಯವನ್ನೂ ನಮ್ಮ ಭಾಗದ ಸಂಸದರನ್ನೂ ಕೇಳಿಕೊಳ್ಳುವುದು ಇಷ್ಟು. ಉತ್ಪಾದಕ ಕಂಪನಿಗಳ ಮಟ್ಟಿಗಾದರೂ ಹೆಚ್ಚುವರಿ ಶುಲ್ಕಕ್ಕೆ ಹಳೆಯ ಹನ್ನೆರಡು ಪಟ್ಟಿನ ಮಿತಿಯನ್ನು ಮತ್ತೆ ತನ್ನಿ. ಇದಕ್ಕೆ ಶುಲ್ಕದ ನಿಯಮಾವಳಿ ತಿದ್ದಿದರೆ ಸಾಲದು, ದಿನಕ್ಕೆ ನೂರು ರೂಪಾಯಿಗಿಂತ ಕಡಿಮೆ ಇರಬಾರದೆಂದು ಕಾಯ್ದೆಯಲ್ಲೇ ಇರುವುದರಿಂದ ಅದನ್ನೂ ತಿದ್ದಬೇಕು. 10,000 ಹೊಸ ಎಫ್‌ಪಿಒಗಳಿಗೆ ಮೂರು ವರ್ಷದ ನಿರ್ವಹಣೆಗೆಂದು ತಲಾ 18 ಲಕ್ಷದವರೆಗೆ ಕೊಡುವ ಯೋಜನೆಯಲ್ಲಿ, ಪ್ರೋತ್ಸಾಹಕ ಸಂಸ್ಥೆ ಹೊರಡುವ ಮುನ್ನ ಜಾಲತಾಣದ ಇ–ಮೇಲ್, ಮೊಬೈಲ್ ಸಂಖ್ಯೆ, ಗುಪ್ತಪದಗಳನ್ನು ನಿರ್ದೇಶಕರ ಹೆಸರಿಗೆ ಬದಲಿಸಿ ಬರವಣಿಗೆಯಲ್ಲಿ ಹಸ್ತಾಂತರಿಸಬೇಕೆಂದು ಕಡ್ಡಾಯ ಮಾಡಿ. ಅದಾಗದೆ ಕೊನೆಯ ಕಂತಿನ ಹಣ ಬಿಡುಗಡೆ ಮಾಡಬೇಡಿ. ರಾಜ್ಯದ ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳು ರೈತ ಸಂಪರ್ಕ ಕೇಂದ್ರಗಳ ಮೂಲಕ ಕನ್ನಡದಲ್ಲಿ ಒಂದು ಪುಟದ ಸೂಚನೆ ಕಳಿಸಿದರೂ ಎಷ್ಟೋ ಕಂಪನಿಗಳು ಉಳಿಯುತ್ತವೆ. ಯಾವ ತಿಂಗಳು ಏನು ಸಲ್ಲಿಸಬೇಕು, ಯಾರನ್ನು ಕಾಣಬೇಕು, ಇಷ್ಟಿದ್ದರೆ ಸಾಕು.

ಇನ್ನು ಬಾಕಿ ಇರುವ ಕಂಪನಿಗಳ ನಿರ್ದೇಶಕರಿಗೆ. ಗ್ರಾಮ ಪಂಚಾಯಿತಿ ಚುನಾವಣೆ ಇದೇ ಡಿಸೆಂಬರ್ 22 ಮತ್ತು 27ರಂದು, ಎಣಿಕೆ 30ರಂದು. ನಿಮ್ಮಲ್ಲಿ ಹಲವರು ಸ್ವತಃ ಕಣದಲ್ಲಿದ್ದೀರಿ, ಉಳಿದವರು ಪ್ರಚಾರದಲ್ಲಿದ್ದೀರಿ. ಎಣಿಕೆಯ ಮರುದಿನವೇ ಈ ಗಡುವು. ಕೊನೆಯ ದಿನಗಳಲ್ಲಿ ಜಾಲತಾಣ ಕೈಕೊಡುತ್ತದೆ, ಡಿಜಿಟಲ್ ಸಹಿಗೆ ಕಾಯಬೇಕಾಗುತ್ತದೆ. ಆದ್ದರಿಂದ ನಾಳೆಯೇ ನಿಮ್ಮ ಕಪಾಟು ತೆರೆದು ಯಾವ ವರ್ಷದ್ದು ಸಲ್ಲಿಕೆಯಾಗಿದೆ ಎಂಬುದನ್ನು ಜಾಲತಾಣದ ರಸೀದಿ ನೋಡಿಯೇ ಖಚಿತಪಡಿಸಿಕೊಳ್ಳಿ, ಆಡಿಟ್ ವರದಿ ನೋಡಿ ಸಮಾಧಾನಪಡಬೇಡಿ. ಈ ಯೋಜನೆ ಎಲ್ಲಕ್ಕೂ ಅನ್ವಯಿಸುವುದಿಲ್ಲ. ಅಧಿಕೃತ ಬಂಡವಾಳ ಹೆಚ್ಚಿಸಿದ್ದನ್ನು ತಿಳಿಸುವ ಎಸ್‌ಎಚ್–7, ಬ್ಯಾಂಕ್ ಸಾಲದ ಅಡಮಾನದ ನಮೂನೆಗಳು ಇದರ ಹೊರಗಿವೆ. ಹೆಸರು ತೆಗೆದುಹಾಕುವ ಅಂತಿಮ ನೋಟಿಸ್ ಬಂದ ಕಂಪನಿಗೂ ಇದು ಸಿಗದು. ವಾರ್ಷಿಕ ಸಭೆಯನ್ನೇ ನಡೆಸದಿದ್ದರೆ ಆ ತಪ್ಪಿಗೂ ರಕ್ಷಣೆ ಇಲ್ಲ. ಸಲ್ಲಿಕೆ ತಡವಾದದ್ದಕ್ಕೆ ಮಾತ್ರ. 2019–20ರ ವಾರ್ಷಿಕ ಸಭೆಗೂ ಈ ವರ್ಷ ಡಿಸೆಂಬರ್ 31ರವರೆಗೆ ಕಾಲ ಕೊಟ್ಟಿದ್ದಾರೆ, ಅದನ್ನು ಮರೆಯಬೇಡಿ. ನಮೂನೆಗಳು ಸ್ವೀಕೃತವಾದ ಮೇಲೆ ಕೆಲಸ ಮುಗಿಯಿತೆಂದು ಬಿಡಬೇಡಿ. ಯೋಜನೆ ಮುಗಿದ ಆರು ತಿಂಗಳೊಳಗೆ ‘ಸಿಎಫ್‌ಎಸ್‌ಎಸ್–2020’ ಎಂಬ ಇನ್ನೊಂದು ನಮೂನೆ ಸಲ್ಲಿಸಿದರೆ ಮಾತ್ರ ದಂಡ ಮತ್ತು ಮೊಕದ್ದಮೆಯಿಂದ ವಿನಾಯಿತಿ ಕೊಡುವ ಪ್ರಮಾಣಪತ್ರ ಸಿಗುತ್ತದೆ. ಅದಕ್ಕೆ ಶುಲ್ಕವಿಲ್ಲ.

ವ್ಯವಹಾರವನ್ನೇ ನಿಲ್ಲಿಸಿರುವ ಕಂಪನಿಗಳೂ ಇವೆ. ಅವು ಈ ಅವಧಿಯಲ್ಲಿ ಬಾಕಿ ಸಲ್ಲಿಸಿ, ‘ಸುಪ್ತ’ ಕಂಪನಿಯಾಗಿ ಉಳಿಯಲು ಇಲ್ಲವೇ ಹೆಸರು ತೆಗೆಸಿಕೊಳ್ಳಲು ಅರ್ಜಿ ಹಾಕಬಹುದು. ತಾನಾಗಿಯೇ ಮುಚ್ಚಿಹೋಗಲಿ ಎಂದು ಬಿಟ್ಟರೆ ನಿರ್ದೇಶಕರ ಹೆಸರಿಗೆ ಅನರ್ಹತೆ ಅಂಟಿಕೊಳ್ಳುತ್ತದೆ, ಮುಂದಿನ ಐದು ವರ್ಷ ಅವರು ಇನ್ನಾವ ರೈತ ಕಂಪನಿಗೂ ನಿರ್ದೇಶಕರಾಗುವಂತಿಲ್ಲ. ಹಾನಗಲ್ ತಾಲೂಕಿನಲ್ಲಿ ಯಾವ ಕಂಪನಿಗಾದರೂ ಕಾಗದಪತ್ರ ಹೊಂದಿಸುವುದರಲ್ಲಿ ನೆರವು ಬೇಕಿದ್ದರೆ ನಾನು ಹಣ ತೆಗೆದುಕೊಳ್ಳದೆ ಬಂದು ಮಾಡಿಕೊಡುತ್ತೇನೆ. ಪತ್ರಿಕೆಯ ಕಚೇರಿಯ ಮೂಲಕ ತಿಳಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಹಕಾರ ಸಂಘದ ಕಾರ್ಯದರ್ಶಿ
ಹಾನಗಲ್ ತಾಲೂಕು, ಹಾವೇರಿ ಜಿಲ್ಲೆ